ಕೈ ಮರೆಯಬೇಕಾದ ಮೌಸ್: ವೃತ್ತಿ ಆಟಗಾರರ ಲೆಕ್ಕದಲ್ಲಿ ಲಾಜಿಟೆಕ್ ಸೂಪರ್‌ಲೈಟ್ 2

ಲಾಜಿಟೆಕ್ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 2 ಅನ್ನು ಮೊದಲ ಸಲ ಕೈಗೆತ್ತಿಕೊಂಡವರಿಗೆ ಇದೊಂದು ಖಾಲಿ ಡಬ್ಬಿಯೇನೋ ಅನ್ನಿಸುತ್ತದೆ. ತೂಕ 60 ಗ್ರಾಂ. ಬಣ್ಣದ ದೀಪವಿಲ್ಲ, ಬ್ಲೂಟೂತ್ ಇಲ್ಲ, ಡಿಪಿಐ (ಮೌಸ್ ಒಂದು ಇಂಚು ಸರಿದಾಗ ಕಂಪ್ಯೂಟರಿಗೆ ಕಳಿಸುವ ಎಣಿಕೆಗಳ ಸಂಖ್ಯೆ) ಬದಲಿಸುವ ಗುಂಡಿಯೂ ಇಲ್ಲ. ಎರಡು ಕ್ಲಿಕ್, ಒಂದು ಚಕ್ರ, ಎಡಪಕ್ಕದಲ್ಲಿ ಎರಡು ಗುಂಡಿ, ಅಷ್ಟೇ. ಅಮೆರಿಕದಲ್ಲಿ ಬಿಡುಗಡೆಯಾದಾಗ ಇದರ ಬೆಲೆ 159 ಡಾಲರ್. ಸಂಜೆ ಹೊತ್ತು ಗೆಳೆಯರ ಜೊತೆ ನಾಲ್ಕು ಆಟ ಆಡುವವರು ಇಷ್ಟು ದುಡ್ಡು ಸುರಿಯಬೇಕಾಗಿಲ್ಲ. ಇದಕ್ಕಿಂತ ಬಹಳ ಅಗ್ಗದಲ್ಲಿ ಅವರಿಗೆ ಸಾಲುವಷ್ಟು ಒಳ್ಳೆಯ ಮೌಸ್‌ಗಳಿವೆ. ಈ ವಿಮರ್ಶೆ ಕೌಂಟರ್-ಸ್ಟ್ರೈಕ್ 2 ಅಥವಾ ವ್ಯಾಲರೆಂಟ್ ಎಂಬ ಗುಂಡು ಹೊಡೆಯುವ ಕಂಪ್ಯೂಟರ್ ಆಟ ಆಡಿಯೇ ಬದುಕಬೇಕೆಂದು ಹೊರಟವರಿಗೆ. ಅವರು ಮೌಸನ್ನು ಕೇಳಬೇಕಾದ ಪ್ರಶ್ನೆ ಒಂದೇ: ಇವತ್ತು ಮನೆಯಲ್ಲಿ ಹೇಗಿದೆಯೋ, ಬೇರೆ ಊರಿನ ವೇದಿಕೆಯ ಮೇಲೂ, ಎರಡು ವರ್ಷ ಕಳೆದ ಮೇಲೂ ಹಾಗೇ ಇರುತ್ತದೆಯೇ?

ಈ ಪ್ರಶ್ನೆಗೆ ಯಾಕಿಷ್ಟು ತೂಕ ಎನ್ನುವುದನ್ನು ಒಂದು ಲೆಕ್ಕ ಹೇಳುತ್ತದೆ. ಕೌಂಟರ್-ಸ್ಟ್ರೈಕ್‌ನಲ್ಲಿ ಮೌಸಿನ ಒಂದೊಂದು ಎಣಿಕೆಗೆ ದೃಷ್ಟಿ 0.022 ಡಿಗ್ರಿ ತಿರುಗುತ್ತದೆ. ವೃತ್ತಿ ಆಟಗಾರರಲ್ಲಿ ಸಾಮಾನ್ಯವಾದ 800 ಡಿಪಿಐ, 1.0 ಸೆನ್ಸಿಟಿವಿಟಿ (ಆ ತಿರುವನ್ನು ಎಷ್ಟು ಪಟ್ಟು ಮಾಡಬೇಕೆಂದು ಆಟದೊಳಗೆ ಇಡುವ ಅಂಕಿ) ಇಟ್ಟುಕೊಳ್ಳಿ. ಮೌಸ್ 1 ಮಿಲಿಮೀಟರ್ ಸರಿದರೆ ಸುಮಾರು 31 ಎಣಿಕೆ, ಅಂದರೆ 0.69 ಡಿಗ್ರಿ. ಉದ್ದದ ಓಣಿಯ ಆ ಕೊನೆಯಲ್ಲಿ ಇಣುಕುವ ಎದುರಾಳಿಯ ತಲೆಯ ಅಗಲ ಅರ್ಧ ಡಿಗ್ರಿಯೂ ಇರುವುದಿಲ್ಲ. ಕೈ ಒಂದೇ ಒಂದು ಮಿಲಿಮೀಟರ್ ಹೆಚ್ಚು ಸರಿದರೂ ಗುರಿ ತಲೆಯನ್ನು ದಾಟಿ ಹೋಗಿರುತ್ತದೆ. ಇಷ್ಟು ಸಣ್ಣ ಅಳತೆ ಕಣ್ಣಿಗೆ ಸಿಗುವುದಿಲ್ಲ, ಯೋಚನೆಗೂ ಸಿಗುವುದಿಲ್ಲ, ಸಾವಿರಾರು ಗಂಟೆಗಳ ಅಭ್ಯಾಸದಲ್ಲಿ ಕೈಗೆ ಮಾತ್ರ ಗೊತ್ತಾಗುತ್ತದೆ. ಮೌಸಿನ ಆಕಾರ, ತೂಕ, ಜಾರುವ ಗುಣ ಇವುಗಳಲ್ಲಿ ಯಾವುದು ಬದಲಾದರೂ ಆ ಅಭ್ಯಾಸದಲ್ಲಿ ಒಂದಿಷ್ಟು ಸೋರಿಹೋಗುತ್ತದೆ.

ಸೂಪರ್‌ಲೈಟ್‌ನ ದೊಡ್ಡ ಗುಣ ಇರುವುದು ಇಲ್ಲೇ, ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವ ಅಂಕಿಗಳಲ್ಲಲ್ಲ. 2018ರಲ್ಲಿ ಬಂದ ಜಿ ಪ್ರೊ ವೈರ್‌ಲೆಸ್ 80 ಗ್ರಾಂ ಇತ್ತು. 2020ರ ಡಿಸೆಂಬರಿನ ಸೂಪರ್‌ಲೈಟ್ 63 ಗ್ರಾಮಿಗಿಂತ ಕೆಳಗಿಳಿಯಿತು. 2023ರ ಸೆಪ್ಟೆಂಬರಿನ ಸೂಪರ್‌ಲೈಟ್ 2 ಮತ್ತಷ್ಟು ಇಳಿದು 60 ಗ್ರಾಮಿಗೆ ನಿಂತಿತು. ಮೂರರ ಅಳತೆಯೂ ಒಂದೇ: ಉದ್ದ 125, ಅಗಲ 63.5, ಎತ್ತರ 40 ಮಿಲಿಮೀಟರ್. 2018ರಲ್ಲಿ 15ನೇ ವಯಸ್ಸಿಗೆ ಇದನ್ನು ಹಿಡಿದ ಹುಡುಗ ಇವತ್ತಿಗೂ ಅದೇ ಆಕಾರದ ಮೇಲೆ ಕೈ ಇಟ್ಟು ಆಡಬಹುದು. ಈ ವೃತ್ತಿಯಲ್ಲಿ ತಂಡ ಬದಲಾಗುತ್ತದೆ, ಕೋಚ್ ಬದಲಾಗುತ್ತಾರೆ, ಆಟದ ನಿಯಮಗಳೇ ಬದಲಾಗುತ್ತವೆ. ಆಕಾರವೊಂದು ಬದಲಾಗದೆ ಉಳಿದರೆ ಅದು ದೊಡ್ಡ ಆಸರೆ. ಜೋವಿ ಕಂಪನಿಯ ಇಸಿ ಸಾಲಿನ ಮೌಸ್‌ಗಳು ಇಷ್ಟು ವರ್ಷ ಬಾಳಿರುವುದೂ ಇದೇ ಕಾರಣಕ್ಕೆ. ಆ ಇಸಿ ಎಂಬ ಎರಡು ಅಕ್ಷರ ಸ್ವೀಡನ್ನಿನ ಹಳೆಯ ಕೌಂಟರ್-ಸ್ಟ್ರೈಕ್ ಆಟಗಾರ ಎಮಿಲ್ ಕ್ರಿಸ್ಟೆನ್ಸೆನ್, ಅಂದರೆ ಹೀಟನ್, ಅವರ ಹೆಸರಿನ ಮೊದಲಕ್ಷರಗಳು. ಅವರನ್ನು ಜೊತೆಗಿಟ್ಟುಕೊಂಡೇ ಆ ಆಕಾರ ರೂಪಿಸಿದ್ದು.

ಆಕಾರ ಎಲ್ಲರಿಗೂ ಒಗ್ಗುತ್ತದೆಯೇ ಎಂದರೆ, ಇಲ್ಲ. ಎಡ ಬಲ ಎರಡೂ ಒಂದೇ ರೀತಿ ಇದ್ದರೂ ಪಕ್ಕದ ಗುಂಡಿಗಳಿರುವುದು ಎಡಗಡೆ ಮಾತ್ರ. ಹಾಗಾಗಿ ಎಡಗೈಯವರಿಗೆ ಇದು ಅರ್ಧ ಮೌಸ್. ನಡುಬೆರಳಿನ ತುದಿಯಿಂದ ಮಣಿಕಟ್ಟಿನ ಗೆರೆಯವರೆಗೆ ಅಳೆದಾಗ 17ರಿಂದ 20 ಸೆಂಟಿಮೀಟರ್ ಇದ್ದು, ಬೆರಳು ಮಡಿಸಿ ಹಿಡಿಯುವ ಕ್ಲಾ ಹಿಡಿತ ನಿಮ್ಮದಾದರೆ ಹೇಳಿಮಾಡಿಸಿದ ಹಾಗಿರುತ್ತದೆ. ಅಂಗೈ ಪೂರ್ತಿ ಊರಿ ಹಿಡಿಯುವ ದೊಡ್ಡ ಕೈಯವರಿಗೆ ಬೆನ್ನು ತಗ್ಗು ಅನ್ನಿಸುತ್ತದೆ. ಅಂಥವರು ಬಲಗೈಗೆಂದೇ ಉಬ್ಬಿಸಿದ ರೇಜರ್ ಡೆತ್‌ಆಡರ್ ವಿ3 ಪ್ರೊ ಅಥವಾ ಜೋವಿ ಇಸಿ ನೋಡುವುದು ಲೇಸು. ತೂಕ ಇನ್ನೂ ಕಡಿಮೆ ಬೇಕೆನ್ನುವವರಿಗೆ 54 ಗ್ರಾಮಿನ ರೇಜರ್ ವೈಪರ್ ವಿ3 ಪ್ರೊ ಇದೆ. ಆದರೆ ಆರು ಗ್ರಾಮಿನ ಆಸೆಗೆ ಕೈಗೆ ಕೂತ ಆಕಾರವನ್ನು ಬಿಡುವುದು ತಪ್ಪು ವ್ಯಾಪಾರ.

ಇನ್ನು ಕ್ಲಿಕ್. ಮೊದಲ ಸೂಪರ್‌ಲೈಟ್‌ನಲ್ಲಿದ್ದದ್ದು ಮಾಮೂಲಿ ಯಾಂತ್ರಿಕ ಸ್ವಿಚ್: ಒಳಗೊಂದು ತೆಳು ತಾಮ್ರದ ಪಟ್ಟಿ ಬಾಗಿ ಇನ್ನೊಂದು ಲೋಹದ ತುದಿಗೆ ತಾಗಿದಾಗ ಕ್ಲಿಕ್ ದಾಖಲಾಗುತ್ತದೆ. ವೈರ್‌ಲೆಸ್ ಮೌಸಿನಲ್ಲಿ ಬ್ಯಾಟರಿ ಉಳಿಸಲು ಈ ಸ್ವಿಚ್ಚಿನ ಮೂಲಕ ತೀರಾ ಸಣ್ಣ ಕರೆಂಟ್ ಹರಿಯುತ್ತದೆ. ತಾಗುವ ಜಾಗದಲ್ಲಿ ಕಿಲುಬು ಹಿಡಿದರೆ, ಇಲ್ಲವೇ ಪಟ್ಟಿಯ ಬಿಗಿ ಸಡಿಲವಾದರೆ, ಸಂಪರ್ಕ ಮಿನುಗಿ ಒಂದು ಒತ್ತು ಎರಡಾಗಿ ದಾಖಲಾಗುತ್ತದೆ. ಇದೇ ಕುಖ್ಯಾತ ಡಬಲ್ ಕ್ಲಿಕ್. ಸ್ನೈಪರ್ ಹಿಡಿದವನಿಗೆ ಇದಕ್ಕಿಂತ ಕೆಟ್ಟ ರೋಗವಿಲ್ಲ. ಒತ್ತಿ ಹಿಡಿದದ್ದು ನಡುವೆ ಬಿಟ್ಟುಹೋಗುವುದು ಇದರ ಇನ್ನೊಂದು ಮುಖ. ಸೂಪರ್‌ಲೈಟ್ 2ರಲ್ಲಿ ಇದನ್ನು ಬೇರಿನಲ್ಲೇ ಕಿತ್ತಿದ್ದಾರೆ. ಲೈಟ್‌ಫೋರ್ಸ್ ಎಂಬ ಇದರ ಸ್ವಿಚ್ಚಿನಲ್ಲಿ ಒತ್ತಿದ್ದನ್ನು ಗುರುತಿಸುವ ಕೆಲಸ ಬೆಳಕಿನ ಕಿರಣದ್ದು, ಬೆರಳಿಗೆ ಟಕ್ ಎನ್ನುವ ಅನುಭವ ಕೊಡುವುದು ಯಾಂತ್ರಿಕ ಭಾಗ. ಬೆಳಕಿಗೆ ಕಿಲುಬಿಲ್ಲ. ಇದಕ್ಕೆ ಕೊಟ್ಟ ಬೆಲೆಯೂ ಇದೆ: ಹಳೆಯದಕ್ಕಿಂತ ಕ್ಲಿಕ್ ಗಟ್ಟಿ, ಸದ್ದೂ ಜೋರು. ಪಿಸ್ತೂಲಿನಲ್ಲಿ ಪಟಪಟ ಒತ್ತುವವರಿಗೆ ಮೊದಲೆರಡು ವಾರ ತೋರುಬೆರಳು ದಣಿಯುತ್ತದೆ. ಮುಖ್ಯ ಪಂದ್ಯಕ್ಕೆ ಮೂರು ದಿನ ಇರುವಾಗ ಹಳೆಯದರಿಂದ ಇದಕ್ಕೆ ಬದಲಾಯಿಸಬೇಡಿ. ಪಂದ್ಯಾವಳಿಗಳ ನಡುವಿನ ಬಿಡುವಿನಲ್ಲಿ ಬದಲಾಯಿಸಿ.

ಮೌಸಿನ ಚಲನೆ ಓದುವ ಸೆನ್ಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೀರೋ 2 ಬಿಡುಗಡೆಯಾದಾಗ 32,000 ಡಿಪಿಐ ಎಂದಿತ್ತು, ಆಮೇಲಿನ ಫರ್ಮ್‌ವೇರ್ (ಮೌಸಿನ ಒಳಗಿನ ತಂತ್ರಾಂಶ) 44,000ಕ್ಕೆ ಏರಿಸಿತು. 800 ಅಥವಾ 1600ರಲ್ಲಿ ಆಡುವವರಿಗೆ ಎರಡೂ ಒಂದೇ. ಪೋಲಿಂಗ್ ರೇಟಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 1000 ಹರ್ಟ್ಸ್ ಅಂದರೆ ಮೌಸ್ 1 ಮಿಲಿಸೆಕೆಂಡಿಗೊಮ್ಮೆ ತಾನೆಲ್ಲಿದ್ದೇನೆ ಎಂದು ವರದಿ ಮಾಡುತ್ತದೆ. ಫರ್ಮ್‌ವೇರ್ ಏರಿಸಿದರೆ ಈ ಮೌಸ್ 8000ದವರೆಗೆ ಹೋಗುತ್ತದೆ, ಆಗ 0.125 ಮಿಲಿಸೆಕೆಂಡಿಗೊಮ್ಮೆ ವರದಿ. 240 ಹರ್ಟ್ಸ್ ಪರದೆ ಹೊಸ ಚಿತ್ರ ತೋರಿಸುವುದೇ 4.17 ಮಿಲಿಸೆಕೆಂಡಿಗೊಮ್ಮೆ ಎನ್ನುವುದನ್ನು ನೆನಪಿಡಿ. ಸಿಗುವ ಲಾಭ ಕೂದಲೆಳೆಯಷ್ಟು, ಪ್ರೊಸೆಸರಿಗೆ ಬೀಳುವ ಹೊರೆ ಮಾತ್ರ ನಿಜವಾದದ್ದು. ಹಳೆಯ ಕಂಪ್ಯೂಟರಿನಲ್ಲಿ ಮೌಸ್ ಜೋರಾಗಿ ತಿರುಗಿಸಿದಾಗ ಆಟವೇ ಕುಗ್ಗಿ ತಡವರಿಸುವುದುಂಟು. ಬ್ಯಾಟರಿಯೂ ಹಾಗೇ: 1000ದಲ್ಲಿ 95 ಗಂಟೆ ಎಂದು ಕಂಪನಿ ಹೇಳುತ್ತದೆ, 8000ದಲ್ಲಿ ಅದು ಭಾರಿ ಇಳಿಯುತ್ತದೆ. 1000 ಅಥವಾ 2000 ಇಡಿ. ಯಾವುದು ಇಟ್ಟರೂ ಮನೆಯಲ್ಲೂ ಲ್ಯಾನಿನಲ್ಲೂ (ತಂಡಗಳು ಒಂದೇ ಜಾಗದಲ್ಲಿ ಸೇರಿ ಆಡುವ ಪಂದ್ಯದಲ್ಲೂ) ಅದೇ ಇರಲಿ. ದಿನಕ್ಕೆ 10 ಗಂಟೆ ಅಭ್ಯಾಸ ಮಾಡುವವರಿಗೆ 95 ಗಂಟೆ ಅಂದರೆ ಒಂಬತ್ತು ದಿನ. ವಾರಕ್ಕೊಂದು ಗೊತ್ತಾದ ದಿನ ಚಾರ್ಜಿಗೆ ಹಾಕುವ ಅಭ್ಯಾಸವಿದ್ದರೆ ಸಾಕು. ಮೊದಲ ಸೂಪರ್‌ಲೈಟ್‌ನ ಮೈಕ್ರೋ ಯುಎಸ್‌ಬಿ ಹೋಗಿ ಟೈಪ್-ಸಿ ಬಂದಿರುವುದು ಸಣ್ಣ ಸಂಗತಿಯಲ್ಲ, ಹೋಟೆಲ್ ಕೋಣೆಯಲ್ಲಿ ಫೋನಿನ ಕೇಬಲ್ಲೇ ಸಾಲುತ್ತದೆ.

ಲ್ಯಾನ್ ಪಂದ್ಯಕ್ಕೆ ಹೊರಡುವ ಮೊದಲು ಮಾಡಲೇಬೇಕಾದ ಕೆಲಸವೊಂದಿದೆ, ಹೊಸಬರಲ್ಲಿ ಹೆಚ್ಚಿನವರು ಎಡವುವುದು ಇದರಲ್ಲೇ. ಪಂದ್ಯದ ಕಂಪ್ಯೂಟರಿನಲ್ಲಿ ಲಾಜಿಟೆಕ್‌ನ ಸೆಟ್ಟಿಂಗ್ ತಂತ್ರಾಂಶ ಜಿ ಹಬ್ ಹಾಕಿಕೊಳ್ಳಲು ಬಿಡುತ್ತಾರೆಂದು ನಂಬಿಕೊಂಡು ಹೋಗಬೇಡಿ. ಸೆಟ್ಟಿಂಗ್ ಎಲ್ಲವೂ ಮೌಸಿನ ಒಳಗೇ ಕೂತಿರಬೇಕು. ಮನೆಯಲ್ಲಿ ಜಿ ಹಬ್ ತೆರೆದು ಮೌಸ್ ಮತ್ತು ರಿಸೀವರ್ (ಕಂಪ್ಯೂಟರಿಗೆ ಚುಚ್ಚುವ ವೈರ್‌ಲೆಸ್ ತುಣುಕು) ಎರಡರ ಫರ್ಮ್‌ವೇರನ್ನೂ ಒಮ್ಮೆಲೇ ಏರಿಸಿ. ಆನ್‌ಬೋರ್ಡ್ ಮೆಮೊರಿ ಮೋಡ್ ಚಾಲೂ ಮಾಡಿ. ಪ್ರೊಫೈಲಿನಲ್ಲಿ ನಿಮ್ಮ ಡಿಪಿಐ ಒಂದನ್ನು ಮಾತ್ರ ಉಳಿಸಿ ಮಿಕ್ಕ ಹಂತಗಳನ್ನೆಲ್ಲ ಅಳಿಸಿ. ಪೋಲಿಂಗ್ ರೇಟ್ ಇಡಿ. ಮೌಸ್ ಎತ್ತಿದಾಗ ಎಷ್ಟು ಎತ್ತರದಲ್ಲಿ ಸೆನ್ಸರ್ ಓದುವುದನ್ನು ನಿಲ್ಲಿಸಬೇಕು ಎನ್ನುವುದನ್ನು ಕಡಿಮೆಗೆ ಇಡಿ. ಕಡಿಮೆ ಸೆನ್ಸಿಟಿವಿಟಿಯವರು ಪದೇ ಪದೇ ಮೌಸ್ ಎತ್ತಿಡುತ್ತಾರೆ, ಇದು ಹೆಚ್ಚಿದ್ದರೆ ಎತ್ತಿದಾಗಲೆಲ್ಲ ಗುರಿ ಪಕ್ಕಕ್ಕೆ ತೇಲುತ್ತದೆ. ಆಮೇಲೆ ಜಿ ಹಬ್ ಇಲ್ಲದ ಬೇರೊಂದು ಕಂಪ್ಯೂಟರಿಗೆ ಚುಚ್ಚಿ ನೋಡಿ. ಗುಂಡಿಗಳಿಗೆ ಮ್ಯಾಕ್ರೋ (ಒಂದೇ ಒತ್ತಿಗೆ ತಾನಾಗಿ ನಡೆಯುವ ಕ್ರಿಯೆಗಳ ಸರಣಿ) ಕಟ್ಟುವ, ಸ್ಕ್ರಿಪ್ಟ್ ಬರೆಯುವ ಸೌಲಭ್ಯ ಜಿ ಹಬ್‌ನಲ್ಲಿದೆ, ಅದರ ಹತ್ತಿರವೂ ಸುಳಿಯಬೇಡಿ. 2018ರಲ್ಲಿ ಶಾಂಘೈನ ಎಕ್ಸ್‌ಟ್ರೀಮ್ಸ್‌ಲ್ಯಾಂಡ್ ಎಂಬ ಕೌಂಟರ್-ಸ್ಟ್ರೈಕ್ ಪಂದ್ಯಾವಳಿಯ ನಡುವೆಯೇ ಆಪ್ಟಿಕ್ ಇಂಡಿಯಾ ತಂಡದ ಆಟಗಾರನೊಬ್ಬನ ಕಂಪ್ಯೂಟರಿನಲ್ಲಿ ಮೋಸದ ತಂತ್ರಾಂಶ ಸಿಕ್ಕಿತು. ಅವನಿಗೆ ಐದು ವರ್ಷ ನಿಷೇಧ ಬಿತ್ತು, ಇಡೀ ತಂಡವೇ ಮುಚ್ಚಿಹೋಯಿತು. ತಪ್ಪು ಮಾಡದ ನಾಲ್ವರೂ ತಂಡ ಕಳೆದುಕೊಂಡರು. ಮೌಸಿನ ಮೆಮೊರಿಯಲ್ಲಿ ಹಳೆಯ ತಮಾಷೆಯ ಮ್ಯಾಕ್ರೋ ಒಂದು ಉಳಿದಿದ್ದರೂ ವಿವರಣೆ ಕೊಡಬೇಕಾದವರು ನೀವೇ.

ಪಂದ್ಯದ ಮೇಜಿನ ಮುಂದೆ ಕೂತ ಕೂಡಲೇ ಮಾಡುವ ಪರೀಕ್ಷೆಗೆ ಒಂದು ಅಳತೆಪಟ್ಟಿ ಸಾಕು. 800 ಡಿಪಿಐ, 1.0 ಸೆನ್ಸ್ (ಸೆನ್ಸಿಟಿವಿಟಿ) ಇದ್ದರೆ ಒಂದು ಪೂರ್ತಿ ಸುತ್ತಿಗೆ ಮೌಸ್ 52 ಸೆಂಟಿಮೀಟರ್ ಚಲಿಸಬೇಕು. ಸಾಮಾನ್ಯ ಪ್ಯಾಡಿನ ಅಗಲ 45ರ ಆಸುಪಾಸು ಇರುವುದರಿಂದ ಅರ್ಧ ಸುತ್ತು ಅಳೆಯಿರಿ. ಗೋಡೆಯ ಮೂಲೆಯೊಂದಕ್ಕೆ ಗುರಿ ಇಟ್ಟು, ಪಟ್ಟಿಯ ಪಕ್ಕದಲ್ಲಿ 26 ಸೆಂಟಿಮೀಟರ್ ಸರಿಸಿದರೆ ಸರಿಯಾಗಿ ಬೆನ್ನ ಹಿಂದಿನ ದಿಕ್ಕಿಗೆ ತಿರುಗಿರಬೇಕು. ಬೇರೆ ಸೆಟ್ಟಿಂಗಿನವರು 360ನ್ನು 0.022, ಸೆನ್ಸ್, ಡಿಪಿಐ ಈ ಮೂರರ ಗುಣಲಬ್ಧದಿಂದ ಭಾಗಿಸಿ 2.54ರಿಂದ ಗುಣಿಸಿದರೆ ತಮ್ಮ ಸೆಂಟಿಮೀಟರ್ ಸಿಗುತ್ತದೆ. ವ್ಯಾಲರೆಂಟ್‌ನವರು 0.022ರ ಜಾಗದಲ್ಲಿ 0.07 ಹಾಕಬೇಕು. ಕೌಂಟರ್-ಸ್ಟ್ರೈಕ್‌ನ ಸೆನ್ಸನ್ನು 3.18ರಿಂದ ಭಾಗಿಸಿದರೆ ವ್ಯಾಲರೆಂಟ್‌ನದ್ದು ಬರುವುದು ಇದರಿಂದಲೇ. ಅಳತೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ತಪ್ಪಿದರೆ ಡಿಪಿಐ ಬೇರೆ ಇದೆ ಅಥವಾ ಆಟದೊಳಗಿನ ಸೆನ್ಸ್ ಬೇರೆ ಇದೆ. ವಾರ್ಮ್‌ಅಪ್ ಮುಗಿದ ಮೇಲೆ ಅದು ಗೊತ್ತಾದರೆ ಏನೂ ಪ್ರಯೋಜನವಿಲ್ಲ. ಹೊಸ ಮೌಸಿಗೆ ಬಂದಾಗಲೂ ಇದೇ ಪರೀಕ್ಷೆ ಮಾಡಿ: 800 ಎಂದು ಬರೆದಿರುವ ಎರಡು ಬೇರೆ ಮೌಸ್‌ಗಳು ನಿಜವಾಗಿ ಶೇಕಡಾ ಎರಡು ಮೂರು ವ್ಯತ್ಯಾಸ ತೋರಿಸುವುದುಂಟು. ಹಳೆಯ ಮೌಸಿಗೆ ಸರಿಹೊಂದಿಸುವ ಸೌಲಭ್ಯವನ್ನು ಜಿ ಹಬ್‌ನಲ್ಲೇ ಕೊಟ್ಟಿದ್ದಾರೆ. ಬಹಳ ಜನ ಬಳಸದ, ಆದರೆ ನಿಜವಾಗಿಯೂ ಉಪಯೋಗದ ಸಂಗತಿ ಇದು.

ವೈರ್‌ಲೆಸ್ ಕೈಕೊಡುತ್ತದೆ ಎನ್ನುವ ದೂರಿನ ಹಿಂದೆ ಬಹುಪಾಲು ಇರುವುದು ರಿಸೀವರ್ ಇಟ್ಟ ಜಾಗ. ಈ ಮೌಸ್ ಮಾತಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3.0 ಕಿಂಡಿಗಳು ಕೆಲಸ ಮಾಡುವಾಗ ಅದೇ ಆವರ್ತನದಲ್ಲಿ ಗದ್ದಲ ಎಬ್ಬಿಸುತ್ತವೆ. ರಿಸೀವರನ್ನು ಕಂಪ್ಯೂಟರಿನ ಹಿಂಬದಿಯ ನೀಲಿ ಕಿಂಡಿಗೆ ಚುಚ್ಚಿ, ಪಕ್ಕದಲ್ಲೇ ಹೊರಗಿನ ಹಾರ್ಡ್‌ಡಿಸ್ಕ್ ಹಾಕಿದರೆ ಗುರಿ ಅಲ್ಲಲ್ಲಿ ಎಗರುತ್ತದೆ, ಬೈಗುಳ ಮಾತ್ರ ಮೌಸಿಗೆ ಬೀಳುತ್ತದೆ. ಪೆಟ್ಟಿಗೆಯಲ್ಲಿ ರಿಸೀವರ್ ಮುಂದಕ್ಕೆ ತರಲು ಅಡಾಪ್ಟರ್ ಕೊಟ್ಟಿದ್ದಾರೆ. ಅದನ್ನು ಚಾರ್ಜಿಂಗ್ ಕೇಬಲ್ಲಿನ ತುದಿಗೆ ಸಿಕ್ಕಿಸಿ ಮೌಸ್‌ಪ್ಯಾಡಿನಿಂದ 20 ಸೆಂಟಿಮೀಟರ್ ಒಳಗೆ ಇಡಿ. ಹತ್ತಾರು ವೈರ್‌ಲೆಸ್ ಹೆಡ್‌ಸೆಟ್, ಫೋನ್ ತುಂಬಿರುವ ಸಭಾಂಗಣದಲ್ಲಿ ಈ ದೂರವೇ ನಿಮ್ಮನ್ನು ಕಾಯುವುದು.

ಕೆಳಗಿನ ಬಿಳಿ ಪಾದಗಳ ವಿಷಯಕ್ಕೆ ಬನ್ನಿ. ಸ್ಕೇಟ್ಸ್ ಎಂದು ಆಟಗಾರರು ಕರೆಯುವ ಇವು ಪಿಟಿಎಫ್‌ಇ, ಅಂದರೆ ನಾನ್‌ಸ್ಟಿಕ್ ತವಾದ ಲೇಪದ ಜಾತಿಯದೇ ಪ್ಲಾಸ್ಟಿಕ್. ಮೌಸನ್ನು ಮಗುಚಿ ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಹೊಸದರಲ್ಲಿ ಅಂಚು ದುಂಡಗೆ, ಮೈ ಮಂಕಾಗಿರುತ್ತದೆ. ತಿಂಗಳುಗಟ್ಟಲೆ ಉಜ್ಜಿದ ಮೇಲೆ ನಡುವೆ ಕನ್ನಡಿಯಂಥ ಹೊಳಪು ಬಂದು, ಅಂಚಿನ ಸುತ್ತ ಬಟ್ಟೆಯ ನಾರು, ಬೆವರು, ಧೂಳು ಸೇರಿದ ಕಪ್ಪು ಗೆರೆ ಕಟ್ಟಿರುತ್ತದೆ. ಆ ಗೆರೆಯನ್ನು ವಾರಕ್ಕೊಮ್ಮೆ ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಬೇಕು. ಸವೆದು ಪಾದ ಮೈಯ ಮಟ್ಟಕ್ಕೆ ಹತ್ತಿರ ಬಂದಾಗ ಬದಲಿಸಬೇಕು. ಹೇರ್ ಡ್ರೈಯರಿನಲ್ಲಿ ಅರ್ಧ ನಿಮಿಷ ಬೆಚ್ಚಗೆ ಮಾಡಿದರೆ ಅಂಟು ಮೆತ್ತಗಾಗುತ್ತದೆ. ಉಗುರಿನಿಂದಲೇ ಎಬ್ಬಿಸಿ, ಚಾಕು ಬೇಡ. ಹಳೆಯ ಅಂಟನ್ನು ಪೂರ್ತಿ ಒರೆಸಿ ತೆಗೆಯದೆ ಹೊಸದು ಅಂಟಿಸಿದರೆ ಒಂದು ಮೂಲೆ ಎತ್ತರವಾಗಿ ಮೌಸ್ ಕುಂಟುತ್ತದೆ. ಹೊಸ ಪಾದ ಒಂದು ವಾರ ಉಜ್ಜುವವರೆಗೆ ತುಸು ತಡೆಯುತ್ತದೆ, ಅದನ್ನು ಲೆಕ್ಕದಲ್ಲಿಡಿ.

ಪಾದದಷ್ಟೇ ಮುಖ್ಯ ಹವೆ. ಬಟ್ಟೆಯ ಪ್ಯಾಡ್ ತೇವ ಹೀರುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಒಂದು ರೀತಿ ಜಾರುವ ಪ್ಯಾಡ್, ಮಾರ್ಚ್ ತಿಂಗಳ ಕಲಬುರಗಿಯಲ್ಲಿ, ಏಸಿ ಹಾಕಿದ ವೇದಿಕೆಯ ಮೇಲೆ ಬೇರೆಯೇ ರೀತಿ ಜಾರುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ಗುರಿ ಮಂದವಾಯಿತೆಂದು ಸೆನ್ಸ್ ಏರಿಸುತ್ತಾರೆ, ಚಳಿಗಾಲಕ್ಕೆ ಮತ್ತೆ ಇಳಿಸುತ್ತಾರೆ, ಕೈ ಯಾವುದನ್ನೂ ಕಲಿಯುವುದಿಲ್ಲ. ಸೆನ್ಸ್ ಮುಟ್ಟಬೇಡಿ. ಎರಡು ಪ್ಯಾಡ್ ಇಟ್ಟುಕೊಂಡು ಒಂದನ್ನು ಒಣಗಿಸಿಡಿ, ಒಗೆದ ಪ್ಯಾಡನ್ನು ನೆರಳಿನಲ್ಲಿ ಎರಡು ದಿನ ಪೂರ್ತಿ ಆರಲು ಬಿಡಿ. ಸೂಪರ್‌ಲೈಟ್‌ನ ಪಕ್ಕಗಳು ನುಣುಪು, ಬೆವರುವ ಕೈಯಲ್ಲಿ ಜಾರುತ್ತವೆ. ಇದು ಈ ಮೌಸಿನ ನಿಜವಾದ ಕೊರತೆ. ಜೊತೆಗೆ ಕೊಟ್ಟಿರುವ ಗ್ರಿಪ್ ಟೇಪನ್ನು ಮೊದಲ ದಿನವೇ ಅಂಟಿಸಿ ಅದರಲ್ಲೇ ಅಭ್ಯಾಸ ಮಾಡಿ.

ಹಗುರ ಮೌಸ್ ಮಣಿಕಟ್ಟನ್ನು ಉಳಿಸುತ್ತದೆ ಎಂಬ ಮಾತನ್ನು ನಂಬಿ ಇದನ್ನು ಕೊಳ್ಳಬೇಡಿ. ಈ ವೃತ್ತಿ ಮುಗಿಯುವುದು ಎಷ್ಟೋ ಸಲ ಕೈಯಿಂದಲೇ. ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟದ ಚೀನೀ ಆಟಗಾರ ಉಝಿ 2020ರಲ್ಲಿ ನಿವೃತ್ತಿ ಹೇಳಿದಾಗ ಮಧುಮೇಹದ ಜೊತೆ ಕೈಯ ನೋವೂ ಕಾರಣವಾಗಿತ್ತು. ಅದೇ ಆಟದಲ್ಲಿ ಅಮೆರಿಕದ ಕ್ಲೌಡ್9 ತಂಡದ ಹಾಯ್ 2015ರಲ್ಲಿ ಮಣಿಕಟ್ಟಿನ ನೋವಿನಿಂದ ಸ್ಥಾನ ಬಿಟ್ಟರು. 2023ರ ಜುಲೈನಲ್ಲಿ ಅದೇ ಆಟದ ಕೊರಿಯಾದ ಫೇಕರ್ ಕೈನೋವಿನಿಂದ ಕೆಲವು ವಾರ ಹೊರಗುಳಿದಾಗ ಅವರ ಟಿ1 ತಂಡ ಸಾಲುಸಾಲಾಗಿ ಸೋತಿತು. ಅವರು ವಿಶ್ರಾಂತಿ ಪಡೆದು ಮರಳಿ, ಅದೇ ವರ್ಷ ನವೆಂಬರಿನಲ್ಲಿ ಆ ಆಟದ ವಿಶ್ವ ಚಾಂಪಿಯನ್‌ಶಿಪ್ ಗೆದ್ದರು. ನೋವು ಹುಟ್ಟುವುದು ಮೌಸಿನ ತೂಕದಿಂದಲ್ಲ, ಗಂಟೆಗಳಿಂದ, ಮೇಜಿನ ಅಂಚಿಗೆ ಒತ್ತಿ ಮೇಲಕ್ಕೆ ಬಾಗಿದ ಮಣಿಕಟ್ಟಿನಿಂದ. ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಕುರ್ಚಿ ಏರಿಸಿ, ಮುಂಗೈಯ ಅರ್ಧವಾದರೂ ಮೇಜಿನ ಮೇಲೆ ಊರಿರಲಿ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಹೊಸ ಮೌಸ್ ಹುಡುಕಬೇಡಿ, ಮೂಳೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ. ನಿಮ್ಮ ಹತ್ತಿರ ಇರುವುದು ಒಂದೇ ಬಲಗೈ.

ಒಪ್ಪಂದಕ್ಕೆ ಸಹಿ ಹಾಕುವ ದಿನವೂ ಮೌಸ್ ನೆನಪಿರಲಿ. ತಂಡಕ್ಕೆ ಪ್ರಾಯೋಜಕ ಕಂಪನಿಯಿದ್ದರೆ ಅದರ ಮೌಸಿನಲ್ಲೇ ಆಡಬೇಕೆಂಬ ಷರತ್ತು ಇರಬಹುದು. ಹೊಸಬರು ಸಂಬಳದ ಸಾಲು ಓದಿ ಸಹಿ ಹಾಕಿಬಿಡುತ್ತಾರೆ. ಪಂದ್ಯದಲ್ಲಿ ಸ್ವಂತ ಮೌಸ್ ಬಳಸಬಹುದೇ, ಬಳಸಬಾರದೆಂದಿದ್ದರೆ ಹೊಸದಕ್ಕೆ ಒಗ್ಗಲು ಎಷ್ಟು ವಾರ ಕೊಡುತ್ತಾರೆ ಎನ್ನುವುದನ್ನು ಕೇಳಿ ಬರಹದಲ್ಲಿ ಪಡೆಯಿರಿ. ಇದು ಕೇಳಲು ಸಂಕೋಚಪಡುವ ವಿಷಯವಲ್ಲ.

ಕೊಳ್ಳುವಾಗ ಬೆಂಗಳೂರಿನ ಎಸ್.ಪಿ. ರೋಡಾಗಲಿ ಆನ್‌ಲೈನಾಗಲಿ, ಜಿಎಸ್‌ಟಿ ಬಿಲ್ ಇಲ್ಲದೆ ತೆಗೆದುಕೊಳ್ಳಬೇಡಿ. ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ. ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕಿದರೆ ಅಡುಗೆಮನೆಯ ತಕ್ಕಡಿಯ ಮೇಲಿಡಿ: 60ರಿಂದ ಎರಡು ಮೂರು ಗ್ರಾಂ ಆಚೀಚೆ ಹೋದರೆ ಅನುಮಾನಪಡಿ. ಜಿ ಹಬ್ ಅದನ್ನು ಹೆಸರು ಹಿಡಿದು ಗುರುತಿಸಿ ಫರ್ಮ್‌ವೇರ್ ಏರಿಸಲು ಒಪ್ಪಬೇಕು. ಒಪ್ಪದಿದ್ದರೆ ಅದು ನಕಲಿ. ಸ್ಕ್ರಾಲ್ ಚಕ್ರವನ್ನು ನಿಧಾನವಾಗಿ ಒಂದೊಂದೇ ಹಲ್ಲು ತಿರುಗಿಸಿ ಎರಡೂ ದಿಕ್ಕಿನಲ್ಲಿ ಎಣಿಕೆ ತಪ್ಪುತ್ತದೆಯೇ ನೋಡಿ. ಆಟದಲ್ಲಿ ಜಿಗಿಯುವ ಆಜ್ಞೆಯನ್ನು ಚಕ್ರಕ್ಕೆ ಕಟ್ಟಿಕೊಂಡವರಿಗೆ ಇದು ಮುಖ್ಯ.

ಆಟವೇ ಜೀವನೋಪಾಯ ಎಂದಾದ ಮೇಲೆ ಒಂದಲ್ಲ, ಎರಡು ಕೊಳ್ಳಿ. ಎರಡನೆಯದನ್ನು ಪೆಟ್ಟಿಗೆಯಲ್ಲೇ ಬಿಟ್ಟರೆ ಬೇಕಾದ ದಿನ ಅದರ ಪಾದ ಹೊಸದು, ಕ್ಲಿಕ್ ಗಟ್ಟಿ. ವಾರದಲ್ಲಿ ಒಂದು ದಿನ ಅದರಲ್ಲೇ ಆಡಿ ಹದ ಮಾಡಿಡಿ, ಗ್ರಿಪ್ ಟೇಪ್ ಅದಕ್ಕೂ ಹಾಕಿ, ಸೆಟ್ಟಿಂಗ್ ಅದರೊಳಗೂ ಬರೆದಿಡಿ. ಪ್ರಯಾಣದಲ್ಲಿ ಎರಡೂ ಒಂದೇ ಚೀಲದಲ್ಲಿ ಬೇಡ, ಒಂದು ನಿಮ್ಮ ಕೈಚೀಲದಲ್ಲಿ, ಇನ್ನೊಂದು ಜೊತೆಗಾರನ ಕೈಚೀಲದಲ್ಲಿ ಇರಲಿ. ರಿಸೀವರ್‌ಗಳು ನೋಡಲು ಒಂದೇ ಥರ ಇರುವುದರಿಂದ, ಒಂದು ಮೌಸ್ ಮತ್ತು ಅದರ ರಿಸೀವರಿಗೆ ಕೆಂಪು ಟೇಪಿನ ಚೂರು ಅಂಟಿಸಿ. ಬಳಸದ ಮೌಸಿನ ಕೆಳಗಿನ ಸ್ವಿಚ್ ಆಫ್ ಮಾಡಿಯೇ ಚೀಲಕ್ಕೆ ಹಾಕಿ, ಇಲ್ಲವಾದರೆ ದಾರಿಯುದ್ದಕ್ಕೂ ಅಲುಗಾಡಿ ಎಚ್ಚರವಾಗುತ್ತಲೇ ಇದ್ದು ಬ್ಯಾಟರಿ ಇಳಿದಿರುತ್ತದೆ.